ಹೆಚ್ಚಿದ ಶಕ್ತಿಗೆ ತಕ್ಕ ಕಡಿವಾಣ: ಹಾಟ್ ರಾಡ್ ಕಾರುಗಳ ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್ ಸುಧಾರಣೆಯೂ ಸಣ್ಣ ಉತ್ಪಾದಕರ ಹೊಣೆಯೂ

ತೊಂಬತ್ತು ವರ್ಷಗಳಷ್ಟು ಹಳೆಯದಾದ ಅಮೆರಿಕದ ಕಾರಿನ ಬ್ರೇಕಿಗೂ ನಮ್ಮ ವಾಣಿಜ್ಯೋದ್ಯಮಿ ಬಾಂಧವರಿಗೂ ಏನು ಸಂಬಂಧ ಎಂಬ ಪ್ರಶ್ನೆ ಈ ಲೇಖನದ ಶೀರ್ಷಿಕೆಯನ್ನು ಕಂಡ ಕೂಡಲೇ ಓದುಗರ ಮನಸ್ಸಿನಲ್ಲಿ ಏಳುವುದು ಸಹಜ. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ನನಗೂ ಮೊದಲು ಹಾಗೆಯೇ ಅನಿಸಿತ್ತು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ಒಂದು ವಿಚಾರಣಾ ಪತ್ರವನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದರು. ಅಮೆರಿಕದ ವ್ಯಾಪಾರಿಯೊಬ್ಬರಿಗೆ 1930ರ ದಶಕದ ಫೋರ್ಡ್ ಕಾರುಗಳಿಗೆ ಹೊಂದುವ ಎರಡು ಬಗೆಯ ಭಾಗಗಳು ಬೇಕಾಗಿದ್ದವು. ಒಂದು, ಡಿಸ್ಕ್ ಬ್ರೇಕಿನ ಕ್ಯಾಲಿಪರನ್ನು ಹಿಡಿದುಕೊಳ್ಳುವ ಬ್ರಾಕೆಟ್. ಇನ್ನೊಂದು, ಮುಂದಿನ ಚಕ್ರವನ್ನು ತಿರುಗಿಸುವ ಸ್ಟಿಯರಿಂಗ್ ತೋಳು. ಪ್ರತಿಯೊಂದು ತುಂಡಿಗೂ ಉಕ್ಕಿನ ಹೀಟ್ ನಂಬರ್ ದಾಖಲೆ ಇರಬೇಕು, ತೋಳುಗಳನ್ನು ಒಂದೊಂದಾಗಿ ಬಿರುಕು ಪರೀಕ್ಷೆಗೆ ಒಳಪಡಿಸಬೇಕು ಎಂಬ ಷರತ್ತುಗಳೂ ಪತ್ರದಲ್ಲಿದ್ದವು. "ಸಾರ್, ಈ ಪರೀಕ್ಷೆಯ ಖರ್ಚೊಂದನ್ನು ತೆಗೆದರೆ ದರ ಕೂರುತ್ತದೆ" ಎಂದು ಅವರು ಹೇಳಿದರು. ವೆಚ್ಚಪಟ್ಟಿಯನ್ನು ಪರಿಶೀಲಿಸಿದ ನಾನು, ಆ ಸಾಲಿನ ಎದುರು "ಕಡಿತಕ್ಕೆ ಅವಕಾಶವಿದೆ" ಎಂದು ಪೆನ್ಸಿಲಿನಲ್ಲಿ ಬರೆದೆ. ಹಾಗೆ ಬರೆದದ್ದು ತಪ್ಪೆಂಬುದು ನನಗೆ ಮನವರಿಕೆಯಾದ ಬಗೆಯನ್ನು, ಈ ವಾಹನಗಳ ತಾಂತ್ರಿಕ ವಿಷಯದೊಂದಿಗೆ ಸೇರಿಸಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಾಟ್ ರಾಡ್ ಎಂದರೇನು?

ಹಳೆಯ ಕಾರನ್ನು ಕೊಂಡು, ಅದರ ಭಾರವನ್ನು ಇಳಿಸಿ, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, ತನ್ನ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಿದ ವಾಹನವನ್ನು ಅಮೆರಿಕದಲ್ಲಿ ಹಾಟ್ ರಾಡ್ ಎನ್ನುತ್ತಾರೆ. ಈ ಹವ್ಯಾಸದ ತವರು ದಕ್ಷಿಣ ಕ್ಯಾಲಿಫೋರ್ನಿಯಾ. ಅಲ್ಲಿನ ಮ್ಯೂರಾಕ್ ಮುಂತಾದ ಒಣಗಿದ ಸರೋವರಗಳ ಸಮತಟ್ಟಾದ ನೆಲದಲ್ಲಿ ಯುವಕರು ತಮ್ಮ ಕಾರುಗಳ ವೇಗವನ್ನು ಅಳೆಯುತ್ತಿದ್ದರು. ಅದಕ್ಕೊಂದು ಶಿಸ್ತನ್ನು ತರಲೆಂದು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ರೂಪುಗೊಂಡಿತು. ಎರಡನೆಯ ಮಹಾಯುದ್ಧದ ಬಳಿಕ ಈ ಹವ್ಯಾಸ ದೇಶದಾದ್ಯಂತ ಹಬ್ಬಿತು. 1948ರ ಜನವರಿಯಲ್ಲಿ ಹಾಟ್ ರಾಡ್ ಎಂಬ ಮಾಸಪತ್ರಿಕೆಯೇ ಆರಂಭವಾಯಿತು. ಬೀದಿಗಳಲ್ಲಿ ನಡೆಯುತ್ತಿದ್ದ ಅಪಾಯಕಾರಿ ಪಂದ್ಯಗಳನ್ನು ನಿಯಮಬದ್ಧ ಮೈದಾನಗಳಿಗೆ ತರುವ ಆಶಯದಿಂದ ವಾಲಿ ಪಾರ್ಕ್ಸ್ ಅವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಅನ್ನು ಸ್ಥಾಪಿಸಿದರು.

ಹಾಟ್ ರಾಡ್‌ಗಳಲ್ಲಿ ಅತ್ಯಂತ ಹೆಸರುವಾಸಿಯಾದುದು 1932ರ ಫೋರ್ಡ್. ಸಾಮಾನ್ಯ ಜನರ ಕೈಗೆಟುಕುವ ಬೆಲೆಯಲ್ಲಿ ವಿ-8 ಎಂಜಿನ್ನನ್ನು ಹೆನ್ರಿ ಫೋರ್ಡ್ ಒದಗಿಸಿದ್ದು ಆ ವರ್ಷವೇ. 221 ಘನ ಇಂಚು ಸಾಮರ್ಥ್ಯದ ಆ ಎಂಜಿನ್ನಿನ ಶಕ್ತಿ 65 ಅಶ್ವಶಕ್ತಿ. 1955ರಲ್ಲಿ ಷೆವರ್ಲೆ ಕಂಪನಿಯ ಹಗುರವಾದ ವಿ-8 ಎಂಜಿನ್ ಮಾರುಕಟ್ಟೆಗೆ ಬಂದ ಮೇಲೆ ಹವ್ಯಾಸಿಗಳು ಅದನ್ನೇ ಹಳೆಯ ಫೋರ್ಡ್‌ಗಳಿಗೆ ಜೋಡಿಸತೊಡಗಿದರು. ಅದೇ ಕುಟುಂಬದ 350 ಘನ ಇಂಚಿನ ಎಂಜಿನ್ನಿನಿಂದ 300 ಅಶ್ವಶಕ್ತಿಯನ್ನು ಪಡೆಯುವುದು ಇಂದು ತೀರ ಸಾಧಾರಣವಾದ ಸಂಗತಿ. ಅಂದರೆ, 65 ಅಶ್ವಶಕ್ತಿಗೆಂದು ರೂಪಿಸಿದ ಷಾಸಿಯ ಮೇಲೆ ಅದರ ನಾಲ್ಕೂವರೆ ಪಟ್ಟಿಗಿಂತಲೂ ಹೆಚ್ಚಿನ ಶಕ್ತಿಯನ್ನು ಹೇರಿದಂತಾಯಿತು.

ಮೂಲ ವಾಹನದ ರಚನೆ

1932ರ ಫೋರ್ಡ್‌ನ ಮುಂಭಾಗದಲ್ಲಿ ಇಂಗ್ಲಿಷಿನ 'ಐ' ಅಕ್ಷರದಾಕಾರದ ಅಡ್ಡಕೊಯ್ತವುಳ್ಳ ಒಂದೇ ಉಕ್ಕಿನ ಆಕ್ಸಲ್ ಇದೆ. ಅದರ ಮೇಲೆ ವಾಹನದ ಅಗಲಕ್ಕೆ ಅಡ್ಡಲಾಗಿ ಒಂದು ಪ್ಲೇಟ್ ಸ್ಪ್ರಿಂಗ್. ಹಿಂಭಾಗದಲ್ಲಿಯೂ ಅಡ್ಡ ಸ್ಪ್ರಿಂಗೇ. ಆಕ್ಸಲನ್ನು ಹಿಂದಕ್ಕೆಳೆದು ನಿಲ್ಲಿಸಲು ಕವಣೆಯಂತೆ ಕವಲೊಡೆದ ಒಂದು ಸಲಾಕೆ ಇದ್ದು, ಅದನ್ನು ವಿಷ್‌ಬೋನ್ ಎನ್ನುತ್ತಾರೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದರೂ, ಪೆಡಲಿನಿಂದ ಚಕ್ರದವರೆಗೆ ಬಲವನ್ನು ಸಾಗಿಸುವುದು ಕೇವಲ ಉಕ್ಕಿನ ಸಲಾಕೆಗಳು. ದ್ರವ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕನ್ನು ಕ್ರೈಸ್ಲರ್ 1924ರಲ್ಲಿಯೂ ಷೆವರ್ಲೆ 1936ರಲ್ಲಿಯೂ ಅಳವಡಿಸಿಕೊಂಡಿದ್ದರೆ, ಫೋರ್ಡ್ ಅದನ್ನು ಒಪ್ಪಿಕೊಂಡದ್ದು 1939ರ ಮಾದರಿಗಳಲ್ಲಿ.

ಈ ರಚನೆ ಕೆಟ್ಟದ್ದೆಂದು ಭಾವಿಸಲಾಗದು. ಹಳ್ಳಿಗಾಡಿನ ಮಣ್ಣುರಸ್ತೆಗಳಲ್ಲಿ ಆ ಕಾಲದ ವೇಗಕ್ಕೆ ಅದು ಚೆನ್ನಾಗಿಯೇ ಒದಗಿಬಂದಿತ್ತು. ಕೊರತೆ ತೋರುವುದು ಹೊಸ ಎಂಜಿನ್ನನ್ನು ಕೂರಿಸಿದ ಮೇಲೆ.

ಲೆಕ್ಕದ ಭಾಷೆಯಲ್ಲಿಯೇ ಇದನ್ನು ನೋಡೋಣ. ಚಾಲಕನೂ ಸೇರಿದಂತೆ ಕಾರಿನ ತೂಕ 1,100 ಕೆ.ಜಿ. ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 153 ಕಿಲೋಜೌಲ್. ಗಂಟೆಗೆ 120 ಕಿ.ಮೀ. ವೇಗದಲ್ಲಿ ಅದು ಸುಮಾರು 611 ಕಿಲೋಜೌಲ್. ವೇಗ ಎರಡು ಪಟ್ಟಾದರೆ ಬ್ರೇಕ್ ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಈ ಶಕ್ತಿಯಷ್ಟೂ ಬ್ರೇಕಿನಲ್ಲಿ ಶಾಖವಾಗಿ ಪರಿಣಮಿಸಬೇಕು. ಮುಚ್ಚಿದ ಡ್ರಮ್ಮಿನೊಳಗೆ ಶಾಖ ಬೇಗನೆ ಹೊರಬೀಳದೆ ಲೈನರಿನ ಹಿಡಿತ ಕುಗ್ಗುತ್ತದೆ. ಗಾಳಿಗೆ ತೆರೆದುಕೊಂಡಿರುವ ಡಿಸ್ಕಿಗೆ ಈ ತೊಂದರೆ ಬಹಳ ಕಡಿಮೆ.

ಬ್ರೇಕ್ ಸುಧಾರಣೆ

ಈ ಹವ್ಯಾಸದ ಅನುಭವಿಗಳು ಹೊಸಬರಿಗೆ ಹೇಳುವ ಮೊದಲ ಮಾತು, ಎಂಜಿನ್ನಿಗೆ ಹಣ ಹಾಕುವ ಮುನ್ನ ಬ್ರೇಕಿಗೆ ಹಾಕು ಎಂಬುದು. ಇದರ ಮೊದಲ ಹಂತವಾಗಿ ಹಿಂದಿನ ತಲೆಮಾರಿನವರು 1939ರಿಂದ 1948ರವರೆಗಿನ ಫೋರ್ಡ್‌ಗಳ ಹೈಡ್ರಾಲಿಕ್ ಡ್ರಮ್ ಬ್ರೇಕುಗಳನ್ನು ಗುಜರಿಯಿಂದ ತಂದು ಹಳೆಯ ಆಕ್ಸಲ್ಲಿಗೆ ಜೋಡಿಸುತ್ತಿದ್ದರು. ಇಂದು ಹೆಚ್ಚಿನವರು ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್ ಅಥವಾ ಡಿಸ್ಕ್ ಬಳಸುತ್ತಾರೆ. ಇದರಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಎರಡು ಮಂಡಲಗಳ ಮಾಸ್ಟರ್ ಸಿಲಿಂಡರ್: ಹಳೆಯ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗ. ಎಲ್ಲಿಯಾದರೂ ಒಂದೆಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋದಂತೆಯೇ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮಾರ್ಗಗಳಿದ್ದರೆ ಒಂದು ಸೋತರೂ ಇನ್ನೊಂದು ಉಳಿಯುತ್ತದೆ. 1968ರಿಂದ ಅಮೆರಿಕದ ಹೊಸ ಕಾರುಗಳಿಗೆ ಈ ಇಬ್ಬಗೆಯ ವ್ಯವಸ್ಥೆಯನ್ನು ಅಲ್ಲಿನ ಸುರಕ್ಷತಾ ಮಾನದಂಡ ಕಡ್ಡಾಯಗೊಳಿಸಿತು. ಹಳೆಯ ಕಾರಿಗೆ ಕಡ್ಡಾಯವಲ್ಲದಿದ್ದರೂ ವಿವೇಕಿಗಳು ಇದನ್ನು ಬಿಡುವುದಿಲ್ಲ.

2. ಪೆಡಲಿನ ಅನುಪಾತ ಮತ್ತು ಸಿಲಿಂಡರಿನ ವ್ಯಾಸ: ಕಾಲಿನಿಂದ ಪೆಡಲನ್ನು 30 ಕೆ.ಜಿ. ಬಲದಿಂದ ಒತ್ತಿದರೆ, 6ಕ್ಕೆ 1 ಅನುಪಾತದ ಪೆಡಲು ಅದನ್ನು 180 ಕೆ.ಜಿ.ಗೆ ಏರಿಸುತ್ತದೆ. ಸಿಲಿಂಡರಿನ ವ್ಯಾಸ 1 ಇಂಚಾದರೆ ಅದರ ವಿಸ್ತೀರ್ಣ 5.07 ಚದರ ಸೆಂ.ಮೀ.; ಒತ್ತಡ ಚದರ ಸೆಂ.ಮೀ.ಗೆ 35.5 ಕೆ.ಜಿ. ವ್ಯಾಸ 7/8 ಇಂಚಾದರೆ ವಿಸ್ತೀರ್ಣ 3.88 ಚದರ ಸೆಂ.ಮೀ.; ಒತ್ತಡ 46.4 ಕೆ.ಜಿ. ದೊಡ್ಡ ಸಿಲಿಂಡರ್ ಹಾಕಿದರೆ ಹೆಚ್ಚು ಬಲ ಬರುತ್ತದೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಸಣ್ಣ ವ್ಯಾಸದಿಂದಲೇ ಶೇ. 31ರಷ್ಟು ಅಧಿಕ ಒತ್ತಡ ದೊರೆಯಿತು. ಆದರೆ ಅಷ್ಟೇ ದ್ರವವನ್ನು ತಳ್ಳಲು ಪೆಡಲು ಶೇ. 31ರಷ್ಟು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಜಮೆಯ ಎದುರು ಖರ್ಚು ಇದ್ದೇ ಇರುವಂತೆ ಇಲ್ಲಿಯೂ ಗಳಿಕೆಗೊಂದು ತೆರ ಉಂಟು.

3. ಶೇಷ ಒತ್ತಡದ ಕವಾಟ: ಹಳೆಯ ಫೋರ್ಡ್‌ಗಳಲ್ಲಿ ಪೆಡಲು ಇರುವುದು ನೆಲದ ಕೆಳಗೆ. ಅಲ್ಲಿಯೇ ಮಾಸ್ಟರ್ ಸಿಲಿಂಡರನ್ನು ಕೂರಿಸಿದಾಗ ಅದು ಕ್ಯಾಲಿಪರುಗಳಿಗಿಂತ ತಗ್ಗಿನಲ್ಲಿರುತ್ತದೆ. ಆಗ ದ್ರವ ಹಿಂದಕ್ಕೆ ಇಳಿದು, ಮುಂದಿನ ಬಾರಿ ಪೆಡಲು ಒತ್ತಿದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ. ಇದನ್ನು ತಡೆಯಲು ಡಿಸ್ಕಿನ ಮಾರ್ಗದಲ್ಲಿ ಚದರ ಇಂಚಿಗೆ 2 ಪೌಂಡ್, ಡ್ರಮ್ಮಿನ ಮಾರ್ಗದಲ್ಲಿ 10 ಪೌಂಡ್ ಒತ್ತಡವನ್ನು ಉಳಿಸುವ ಪುಟ್ಟ ಕವಾಟಗಳನ್ನು ಅಳವಡಿಸುತ್ತಾರೆ. ಇವೆರಡನ್ನು ಅದಲುಬದಲು ಮಾಡಿದರೆ ಡಿಸ್ಕ್ ಸದಾ ಉಜ್ಜುತ್ತಾ ಕಾಯುತ್ತದೆ.

4. ಹಿಂದಿನ ಒತ್ತಡದ ನಿಯಂತ್ರಣ: ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನ ಚಕ್ರಗಳ ಹಿಡಿತ ತಗ್ಗುತ್ತದೆ. ಅವು ಮೊದಲು ಕಚ್ಚಿಕೊಂಡರೆ ಕಾರು ಬುಗುರಿಯಂತೆ ತಿರುಗುವ ಅಪಾಯವಿದೆ. ಆದ್ದರಿಂದ ಹಿಂದಿನ ಮಾರ್ಗದ ಒತ್ತಡವನ್ನು ತಗ್ಗಿಸುವ, ಕೈಯಿಂದ ಹೊಂದಿಸಬಹುದಾದ ಕವಾಟ ಅಗತ್ಯ.

5. ಕೊಳವೆ ಮತ್ತು ದ್ರವ: ಕೊಳವೆಗಳು ಬ್ರೇಕಿಗೆಂದೇ ತಯಾರಾದ ಉಕ್ಕಿನವಾಗಿರಬೇಕು. ಶುದ್ಧ ತಾಮ್ರದ ಕೊಳವೆ ಕಂಪನದಿಂದ ಗಡುಸಾಗಿ ಬಿರಿಯುವುದರಿಂದ ಅದು ಸಲ್ಲದು. ಬ್ರೇಕ್ ಹೋಸ್‌ಗಳಿಗೂ ದ್ರವಕ್ಕೂ ಅಮೆರಿಕದಲ್ಲಿ ಪ್ರತ್ಯೇಕ ಸಂಯುಕ್ತ ಮಾನದಂಡಗಳಿದ್ದು, ಕ್ರಮವಾಗಿ ಅವುಗಳ ಸಂಖ್ಯೆ 106 ಮತ್ತು 116.

ಸ್ಟಿಯರಿಂಗ್ ಸುಧಾರಣೆ

ಮೂಲ ವಾಹನದಲ್ಲಿ ಸ್ಟಿಯರಿಂಗ್ ಪೆಟ್ಟಿಗೆಯಿಂದ ಹೊರಟ ದಂಡ ಷಾಸಿಯ ಎಡಬದಿಯಲ್ಲಿ ಮುಂದಕ್ಕೆ ಸಾಗಿ ಎಡಚಕ್ರದ ತೋಳನ್ನು ತಳ್ಳುತ್ತದೆ. ಕಾರನ್ನು ತಗ್ಗಿಸಿ, ಅಗಲ ಟೈರುಗಳನ್ನು ಹಾಕಿದಾಗ ಈ ದಂಡದ ಕೋನ ಬದಲಾಗುತ್ತದೆ. ಆಗ ರಸ್ತೆಯ ಉಬ್ಬಿನ ಮೇಲೆ ಚಕ್ರ ಏರಿಳಿದಂತೆಲ್ಲ, ಚಾಲಕ ಚಕ್ರವನ್ನು ಅಲುಗಿಸದಿದ್ದರೂ ಕಾರು ತಾನಾಗಿಯೇ ಅತ್ತಿತ್ತ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಎಂದು ಹೆಸರು.

ಇದಕ್ಕೆ ಪರಿಹಾರವಾಗಿ ಎಡದಲ್ಲಿರುವ ಪೆಟ್ಟಿಗೆಯಿಂದ ಬಲಚಕ್ರದ ತೋಳಿಗೆ ಅಡ್ಡಲಾಗಿ ದಂಡವನ್ನು ಜೋಡಿಸುವ ಕ್ರಮ ಬಳಕೆಗೆ ಬಂದಿತು. ಷೆವರ್ಲೆ ಕಂಪನಿಯು 1971ರಿಂದ 1977ರವರೆಗಿನ ಮಾದರಿಗಳಾಗಿ ಮಾರಿದ ವೇಗಾ ಎಂಬ ಸಣ್ಣ ಕಾರಿನ ಸ್ಟಿಯರಿಂಗ್ ಪೆಟ್ಟಿಗೆ ಚಿಕ್ಕದಾಗಿಯೂ ಹಗುರವಾಗಿಯೂ ಇದ್ದುದರಿಂದ ಇದಕ್ಕೆ ಹೇಳಿಮಾಡಿಸಿದಂತಿತ್ತು. ಆ ಕಾರು ಮಾರುಕಟ್ಟೆಯಿಂದ ಮರೆಯಾಗಿ ದಶಕಗಳೇ ಸಂದರೂ ಅದರ ಮಾದರಿಯ ಪೆಟ್ಟಿಗೆಗಳನ್ನು ಬಿಡಿಭಾಗ ತಯಾರಕರು ಹೊಸದಾಗಿಯೇ ತಯಾರಿಸಿ ಮಾರುತ್ತಿದ್ದಾರೆ ಎಂಬುದು ನಮ್ಮ ಉತ್ಪಾದಕರು ಗಮನಿಸಬೇಕಾದ ಸಂಗತಿ.

ಇಲ್ಲಿಯೂ ಒಂದು ತೊಡಕುಂಟು. ಅಡ್ಡ ಸ್ಪ್ರಿಂಗ್ ತನ್ನ ಕೊಂಡಿಗಳಲ್ಲಿ ತೂಗುವುದರಿಂದ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಸ್ಟಿಯರಿಂಗ್ ದಂಡವೂ ಅಡ್ಡಲಾಗಿಯೇ ಇರುವುದರಿಂದ ಚಕ್ರ ತಿರುಗಿಸಿದಾಗ ಚಕ್ರದ ಬದಲು ಷಾಸಿಯೇ ಪಕ್ಕಕ್ಕೆ ಸರಿಯುವ ಸಂಭವವಿದೆ. ಇದನ್ನು ತಡೆಯಲು ಷಾಸಿಗೂ ಆಕ್ಸಲ್ಲಿಗೂ ನಡುವೆ ಪ್ಯಾನ್ಹಾರ್ಡ್ ಸಲಾಕೆಯನ್ನು ಜೋಡಿಸಬೇಕು. ಅದು ಸ್ಟಿಯರಿಂಗ್ ದಂಡಕ್ಕೆ ಸಮಾನಾಂತರವಾಗಿಯೂ ಹೆಚ್ಚುಕಡಿಮೆ ಸಮನಾದ ಉದ್ದವುಳ್ಳದ್ದಾಗಿಯೂ ಇರಬೇಕು. ಒಂದು ಭಾಗವನ್ನು ಬದಲಿಸಿದರೆ ಅದಕ್ಕೆ ಸಂಬಂಧಪಟ್ಟ ಇನ್ನೆರಡನ್ನು ಬದಲಿಸಬೇಕಾಗುತ್ತದೆ ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

ಸಸ್ಪೆನ್ಷನ್ ಸುಧಾರಣೆ

ಸಸ್ಪೆನ್ಷನ್ನಿನಲ್ಲಿ ಮಾಲೀಕನ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ಹಳೆಯ ರೂಪವನ್ನು ಉಳಿಸಿಕೊಂಡು ಒಂದೇ ಆಕ್ಸಲನ್ನು ಸುಧಾರಿಸುವುದು. ಕಾರನ್ನು ತಗ್ಗಿಸಲು ನಡುಭಾಗ ಕೆಳಕ್ಕೆ ಬಾಗಿದ ಆಕ್ಸಲ್ ಹಾಕುತ್ತಾರೆ. ಅದನ್ನು ಹಿಡಿದು ನಿಲ್ಲಿಸಲು ಎಡಬಲಗಳಲ್ಲಿ ಎರಡೆರಡು ಸಮಾನಾಂತರ ಸಲಾಕೆಗಳ ಜೋಡಣೆಯನ್ನಾಗಲಿ, ಹೇರ್‌ಪಿನ್ ಎಂಬ ಇಕ್ಕಳದಾಕಾರದ ತೋಳನ್ನಾಗಲಿ ಬಳಸುತ್ತಾರೆ. ಹೇರ್‌ಪಿನ್ ತೋಳು ಆಕ್ಸಲನ್ನು ತಿರುಚುತ್ತದೆ. 'ಐ' ಆಕಾರದ ಆಕ್ಸಲ್ ಆ ತಿರುಚುವಿಕೆಯನ್ನು ಸಹಿಸಿಕೊಳ್ಳುತ್ತದೆ. ಕೊಳವೆಯಾಕಾರದ ಆಕ್ಸಲ್ ಬಾಗದು. ಆ ಬಲವೆಲ್ಲ ಬ್ರಾಕೆಟ್ಟಿನ ಮೇಲೆ ಬಿದ್ದು ಅಲ್ಲಿ ಬಿರುಕು ಮೂಡುತ್ತದೆ. ಆದುದರಿಂದ ಕೊಳವೆ ಆಕ್ಸಲ್ಲಿಗೆ ನಾಲ್ಕು ಸಲಾಕೆಗಳ ಜೋಡಣೆಯೇ ಯೋಗ್ಯ. ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್, ಸಾಮಾನ್ಯವಾಗಿ 5ರಿಂದ 7 ಡಿಗ್ರಿಗಳಷ್ಟಿದ್ದರೆ ಕಾರು ನೇರವಾಗಿ ಓಡುತ್ತದೆ.

ಎರಡನೆಯದು, ಎರಡು ಚಕ್ರಗಳೂ ಸ್ವತಂತ್ರವಾಗಿ ಏರಿಳಿಯುವ ವ್ಯವಸ್ಥೆ. 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2 ಕಾರಿನ ಮುಂಭಾಗದ ವಿನ್ಯಾಸ ಕಿರಿದಾಗಿದ್ದು, ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗನ್ನೂ ಒಳಗೊಂಡಿದ್ದುದರಿಂದ ಹಾಟ್ ರಾಡ್ ತಯಾರಕರಿಗೆ ಅದು ಮಾದರಿಯಾಯಿತು. ಈಗ ಮೂಲ ಕಾರಿನ ಒಂದು ಬೋಲ್ಟನ್ನೂ ಬಳಸದೆ ಅದೇ ವಿನ್ಯಾಸದ ಸಂಪೂರ್ಣ ಹೊಸ ಜೋಡಣೆಗಳು ದೊರೆಯುತ್ತವೆ. ಸವಾರಿ ಸುಖಕರ, ಬಂಪ್ ಸ್ಟಿಯರ್ ಕೂಡ ಹತೋಟಿಯಲ್ಲಿರುತ್ತದೆ. ಆದರೆ ಇದರ ಅಡ್ಡತೊಲೆಯನ್ನು ಹಳೆಯ ಷಾಸಿಗೆ ಬೆಸೆಯಬೇಕು. ಆ ಬೆಸುಗೆಯ ಮೇಲೆಯೇ ಕಾರಿನ ಮುಂಭಾಗದ ಭಾರವೆಲ್ಲ ನಿಂತಿರುತ್ತದೆ. ಅಳತೆಯಲ್ಲಿ ಸ್ವಲ್ಪ ಓರೆಯಾದರೂ ಮುಂದೆ ಯಾವ ಹೊಂದಾಣಿಕೆಯಿಂದಲೂ ಅದನ್ನು ಸರಿಪಡಿಸಲಾಗದು.

ಹಿಂಭಾಗದಲ್ಲಿ ಕೊಳವೆಯೊಳಗೆ ಮುಚ್ಚಿಟ್ಟ ಮೂಲ ಪ್ರೊಪೆಲ್ಲರ್ ಷಾಫ್ಟನ್ನು ತೆಗೆದು, ಫೋರ್ಡ್ ಕಂಪನಿಯದೇ 9 ಇಂಚಿನ ಆಕ್ಸಲ್, ತೆರೆದ ಷಾಫ್ಟ್, ನಾಲ್ಕು ಸಲಾಕೆಗಳು ಹಾಗೂ ಸುರುಳಿ ಸ್ಪ್ರಿಂಗ್ ಸಹಿತವಾದ ಷಾಕ್ ಅಬ್ಸಾರ್ಬರುಗಳನ್ನು ಕೂರಿಸುವುದು ರೂಢಿ. ಕಾರನ್ನು ಎಷ್ಟೇ ತಗ್ಗಿಸಿದರೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿನಲ್ಲಿ ಯಾವ ಭಾಗವೂ ಇರಕೂಡದು ಎಂಬುದು ಬಲ್ಲವರ ನಿಯಮ. ಟೈರಿನ ಗಾಳಿ ಹಠಾತ್ತಾಗಿ ಹೋದಾಗ ಸ್ಟಿಯರಿಂಗ್ ದಂಡವೇ ರಸ್ತೆಗೆ ಉಜ್ಜಿದರೆ ಕಾರು ಕೈಮೀರುತ್ತದೆ.

ಗೋಡೆಯ ಮೇಲಿನ ತೋಳು

ಮೇಲ್ಕಂಡ ವಿಷಯಗಳಲ್ಲಿ ಬಹುಪಾಲನ್ನು ನಾನು ಕಣ್ಣಾರೆ ಕಂಡು ತಿಳಿದದ್ದು ಕ್ಯಾಲಿಫೋರ್ನಿಯಾದಲ್ಲಿ. ಕಕ್ಷಿದಾರರ ದರಪಟ್ಟಿ ಇನ್ನೂ ಅಂತಿಮವಾಗದಿದ್ದ ಸಮಯದಲ್ಲಿ ಅಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗುವ ಸಂದರ್ಭ ಒದಗಿತು. ಅವರ ನೆರೆಯಲ್ಲಿ ಯಂತ್ರಾಗಾರದಿಂದ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಷೆಡ್ಡಿನಲ್ಲಿ 1932ರ ಫೋರ್ಡ್ ಒಂದನ್ನು ಸಿದ್ಧಗೊಳಿಸುತ್ತಿದ್ದರು. ನನ್ನ ಆಸಕ್ತಿಯನ್ನು ಕಂಡು ಅವರು ಒಂದೊಂದು ಭಾಗವನ್ನೂ ತೋರಿಸಿ ವಿವರಿಸಿದರು.

ಅವರ ಷೆಡ್ಡಿನ ಗೋಡೆಯ ಮೇಲೆ ಎರಡು ತುಂಡಾದ ಒಂದು ಸ್ಟಿಯರಿಂಗ್ ತೋಳು ಮೊಳೆಯಲ್ಲಿ ನೇತಾಡುತ್ತಿತ್ತು. ಕಾರಿನ ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಆ ತೋಳನ್ನು ಕೆಂಪಗೆ ಕಾಯಿಸಿ, ಬೇಕಾದ ಕೋನಕ್ಕೆ ಬಗ್ಗಿಸಿ, ಅವಸರದಲ್ಲಿ ನೀರೆರಚಿ ತಣಿಸಿದ್ದರಂತೆ. ಹಾಗೆ ತಣಿಸಿದ ಉಕ್ಕು ಗಡುಸಾಗುತ್ತದೆ, ಆದರೆ ಪೆಡಸೂ ಆಗುತ್ತದೆ. ಹೊರಗಿನಿಂದ ನೋಡಿದರೆ ಯಾವ ದೋಷವೂ ಕಾಣದು. ಅದು ಮುರಿದದ್ದು ಅವರು ಕಾರನ್ನು ತಮ್ಮ ಮನೆಯಂಗಳಕ್ಕೆ ನಿಧಾನವಾಗಿ ತಿರುಗಿಸುತ್ತಿದ್ದಾಗ. ಪಕ್ಕದಲ್ಲಿ ಅವರ ಮೊಮ್ಮಗಳು ಕುಳಿತಿದ್ದಳು. ಹತ್ತು ನಿಮಿಷಗಳ ಮುನ್ನ ಅವರಿಬ್ಬರೂ ಹೆದ್ದಾರಿಯಲ್ಲಿದ್ದರು. ಇಷ್ಟನ್ನು ಹೇಳಿ ಅವರು ಸುಮ್ಮನಾದರು. ನನ್ನ ಪೆನ್ಸಿಲಿನ ಬರಹ ನನಗೆ ನೆನಪಾಯಿತು. ಅಂದು ರಾತ್ರಿಯೇ ಕಕ್ಷಿದಾರರಿಗೆ ದೂರವಾಣಿ ಮಾಡಿ, ನಾನು ಬರುವವರೆಗೆ ದರಪಟ್ಟಿಯನ್ನು ಕಳುಹಿಸಬಾರದೆಂದು ಕೇಳಿಕೊಂಡೆ.

ಸಣ್ಣ ಉತ್ಪಾದಕರು ಕಟ್ಟಿದ ಉದ್ಯಮ

ಹಾಟ್ ರಾಡ್ ಬಿಡಿಭಾಗಗಳ ಉದ್ಯಮವು ದೊಡ್ಡ ಕಂಪನಿಗಳಿಂದ ಹುಟ್ಟಿದ್ದಲ್ಲ. ಅಲೆಕ್ಸ್ ಕ್ಸಿಡಿಯಸ್ ಅವರು 1946ರಲ್ಲಿ ಬರ್ಬ್ಯಾಂಕ್‌ನಲ್ಲಿ ಆರಂಭಿಸಿದ ಸೋ-ಕ್ಯಾಲ್ ಸ್ಪೀಡ್ ಷಾಪ್ ಒಂದು ಸಣ್ಣ ಅಂಗಡಿ. ಪೀಟ್ ಚಪೂರಿಸ್ ಮತ್ತು ಜಿಮ್ ಜೇಕಬ್ಸ್ ಎಂಬಿಬ್ಬರು ಗೆಳೆಯರು 1974ರಲ್ಲಿ ಟೆಂಪಲ್ ಸಿಟಿಯಲ್ಲಿ ತೆರೆದ ಪೀಟ್ ಅಂಡ್ ಜೇಕ್ಸ್ ಸಂಸ್ಥೆ, ಹಳೆಯ ಫೋರ್ಡ್‌ಗಳ ಸಸ್ಪೆನ್ಷನ್ ಭಾಗಗಳನ್ನು ಸಿದ್ಧ ಜೋಡಣೆಗಳಾಗಿ ಮಾರಿ ಹೆಸರಾಯಿತು. ಬಿಲ್ ವುಡ್ ಅವರು 1977ರಲ್ಲಿ ಸ್ಥಾಪಿಸಿದ ವಿಲ್‌ವುಡ್ ಸಂಸ್ಥೆ ಇಂದು ಡಿಸ್ಕ್ ಬ್ರೇಕುಗಳಿಗೆ ಪ್ರಸಿದ್ಧ.

ಇಂತಹ ಸಣ್ಣ ಉತ್ಪಾದಕರು 1963ರಲ್ಲಿ ಒಂದುಗೂಡಿ ಸ್ಪೀಡ್ ಇಕ್ವಿಪ್‌ಮೆಂಟ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಎಡ್ ಇಸ್ಕೆಂಡೇರಿಯನ್ ಅದರ ಮೊದಲ ಅಧ್ಯಕ್ಷರು. ಪಂದ್ಯದ ಕಾರುಗಳ ಭಾಗಗಳಿಗೆ ತಾವೇ ಸುರಕ್ಷತಾ ನಿರ್ದಿಷ್ಟತೆಗಳನ್ನು ರೂಪಿಸಿಕೊಂಡದ್ದು ಈ ಸಂಘದ ಮುಖ್ಯ ಸಾಧನೆಗಳಲ್ಲೊಂದು. ಮುಂದೆ ಸೀಮಾ ಎಂಬ ಸಂಕ್ಷಿಪ್ತ ನಾಮವನ್ನು ಉಳಿಸಿಕೊಂಡೇ ಸ್ಪೆಷಾಲಿಟಿ ಇಕ್ವಿಪ್‌ಮೆಂಟ್ ಮಾರ್ಕೆಟ್ ಅಸೋಸಿಯೇಷನ್ ಎಂದು ಹೆಸರು ಬದಲಿಸಿಕೊಂಡ ಈ ಸಂಘ, 1967ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಮ್ಮಿನಲ್ಲಿ ತನ್ನ ಮೊದಲ ವಾಣಿಜ್ಯ ಪ್ರದರ್ಶನವನ್ನು ನಡೆಸಿತು. ಲಾಸ್ ವೇಗಸ್‌ನಲ್ಲಿ ನಡೆಯುವ ಅದರ ವಾರ್ಷಿಕ ಮೇಳಕ್ಕೆ ಇಂದು ನಾನಾ ದೇಶಗಳ ವ್ಯಾಪಾರಿಗಳು ಬರುತ್ತಾರೆ. ರಸ್ತೆಯಲ್ಲಿ ಓಡಿಸುವ ಹಾಟ್ ರಾಡ್‌ಗಳಿಗಾಗಿ ಇರುವ ನ್ಯಾಷನಲ್ ಸ್ಟ್ರೀಟ್ ರಾಡ್ ಅಸೋಸಿಯೇಷನ್, ಸದಸ್ಯರ ಕಾರುಗಳಿಗೆ 23 ಅಂಶಗಳ ಸುರಕ್ಷತಾ ತಪಾಸಣೆಯನ್ನು ನಡೆಸುತ್ತದೆ.

ಅದೇ 1963ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಗ್ರೀನ್‌ಮನ್ ವಿರುದ್ಧ ಯೂಬಾ ಪವರ್ ಪ್ರಾಡಕ್ಟ್ಸ್ ಎಂಬ ಮೊಕದ್ದಮೆಯಲ್ಲಿ ಮಹತ್ವದ ತೀರ್ಪನ್ನಿತ್ತಿತು. ಮನೆಯಲ್ಲಿ ಬಳಸುವ ಮರಗೆಲಸದ ಯಂತ್ರವೊಂದರಿಂದ ಮರದ ತುಂಡು ಚಿಮ್ಮಿ ಬಳಕೆದಾರನ ಹಣೆಗೆ ಬಡಿದಿತ್ತು. ಯಂತ್ರದ ಭಾಗಗಳನ್ನು ಬಿಗಿಹಿಡಿಯಲು ಬಳಸಿದ್ದ ಸ್ಕ್ರೂಗಳು ಸಾಲದಾಗಿದ್ದವು ಎಂಬುದಕ್ಕೆ ಸಾಕ್ಷ್ಯವಿತ್ತು. ದೋಷಯುಕ್ತ ಸರಕಿನಿಂದ ಗಾಯವಾದರೆ, ತಯಾರಕನ ನಿರ್ಲಕ್ಷ್ಯವನ್ನು ಪ್ರತ್ಯೇಕವಾಗಿ ಸಾಬೀತುಪಡಿಸದೆಯೂ ಆತನನ್ನು ಹೊಣೆಗಾರನನ್ನಾಗಿಸಬಹುದು ಎಂಬ ತತ್ತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಕೆಲವೇ ಸ್ಕ್ರೂಗಳಲ್ಲಿ ಉಳಿಸಿದ ಹಣ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಾವು ಯೋಚಿಸಬೇಕು.

ರಫ್ತುದಾರರು ತಿಳಿದಿರಬೇಕಾದ ಅಂಶಗಳು

ಅಮೆರಿಕಕ್ಕೆ ವಾಹನೋಪಕರಣಗಳನ್ನು ಕಳುಹಿಸುವ ವಿದೇಶೀ ತಯಾರಕನು, ನೋಟಿಸುಗಳನ್ನು ಸ್ವೀಕರಿಸಲು ಅಲ್ಲಿಯೇ ನೆಲೆಸಿರುವ ಒಬ್ಬ ಪ್ರತಿನಿಧಿಯನ್ನು ನೇಮಿಸಿ, ಆ ದೇಶದ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತಕ್ಕೆ ತಿಳಿಸಬೇಕೆಂಬ ನಿಯಮವಿದೆ. ಸುರಕ್ಷತಾ ದೋಷ ಕಂಡುಬಂದರೆ ಸರಕನ್ನು ಹಿಂಪಡೆಯುವ ಹೊಣೆಯೂ ಉಂಟು. ಯಾವ ಉಕ್ಕು ಯಾವ ತುಂಡಿಗೆ ಹೋಯಿತು ಎಂಬ ದಾಖಲೆ ಇಲ್ಲದವನು ಇಡೀ ವರ್ಷದ ಸರಕನ್ನೇ ಹಿಂಪಡೆಯಬೇಕಾದೀತು. ದಾಖಲೆ ಇರುವವನು ಒಂದು ಲಾಟನ್ನು ಹಿಂಪಡೆದರೆ ಸಾಕು. ಆದ್ದರಿಂದ ಹೀಟ್ ನಂಬರ್ ದಾಖಲೆಯ ಖರ್ಚು ವಾಸ್ತವದಲ್ಲಿ ವಿಮೆಯ ಕಂತಿಗೆ ಸಮಾನ. ಉತ್ಪನ್ನ ಹೊಣೆಗಾರಿಕೆಯ ವಿಮೆಯನ್ನು ಮಾಡಿಸುವಾಗ ಅದು ಅಮೆರಿಕದಲ್ಲಿ ಹೂಡುವ ದಾವೆಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಳ್ಳತಕ್ಕದ್ದು. ವಾರಂಟಿ ಮತ್ತು ಸಂಭವನೀಯ ಹೊಣೆಗಳನ್ನು ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಪರಿಶೀಲಿಸಿ, ಅಗತ್ಯವಿದ್ದೆಡೆ ಅವಕಾಶವನ್ನು ಕಲ್ಪಿಸಬೇಕು.

ನಮ್ಮ ದೇಶದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಇನ್ನು ಇಲ್ಲಿ ಹಾಟ್ ರಾಡ್ ನಿರ್ಮಿಸಲು ಬಯಸುವವರು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವನ್ನು ಮೊದಲು ಓದಬೇಕು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಲಾಗದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನೋಂದಣಿ ನಿಯಮವು 50 ವರ್ಷ ಮೀರಿದ, ಮೂಲ ರೂಪವನ್ನು ಉಳಿಸಿಕೊಂಡಿರುವ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಷಾಸಿ, ಎಂಜಿನ್‌ಗಳನ್ನು ಗಣನೀಯವಾಗಿ ಬದಲಿಸಿದ ಕಾರು ಅದರ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ನಮ್ಮವರಿಗೆ ಇಲ್ಲಿರುವ ಅವಕಾಶ ಮುಖ್ಯವಾಗಿ ಭಾಗಗಳನ್ನು ತಯಾರಿಸಿ ರಫ್ತು ಮಾಡುವುದರಲ್ಲಿದೆ.

ಉಪಸಂಹಾರ

ಊರಿಗೆ ಮರಳಿದ ಮೇಲೆ ಕಕ್ಷಿದಾರರೊಂದಿಗೆ ಕುಳಿತು ದರಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಿದೆವು. ಪರೀಕ್ಷೆಯ ಸಾಲು ಹಾಗೆಯೇ ಉಳಿಯಿತು. ಸ್ಟಿಯರಿಂಗ್ ತೋಳಿಗೆ ಬೇಕಾದ ಫೋರ್ಜಿಂಗನ್ನು ನಂಬಿಕೆಯಿಂದ ಪೂರೈಸುವವರು ತಮಗೆ ಗೊತ್ತಿಲ್ಲವೆಂದು ಅವರೇ ಹೇಳಿದರು. ಆ ಭಾಗವನ್ನು ತಯಾರಿಸಲು ತಮ್ಮಿಂದಾಗದೆಂದು ಖರೀದಿದಾರರಿಗೆ ಬರೆದರು. ಬ್ರಾಕೆಟ್ಟಿನ ಆರ್ಡರ್ ಮಾತ್ರ ಬಂದಿತು. ನಿರೀಕ್ಷಿಸಿದುದರ ಅರ್ಧಕ್ಕಿಂತಲೂ ಅದು ಕಡಿಮೆ. ಎರಡನೆಯ ಲಾಟಿನಲ್ಲಿ ಎರಡು ಹೀಟ್‌ಗಳ ಉಕ್ಕು ಬೆರೆತುಹೋದದ್ದು ಕಂಡುಬಂದಾಗ, ಅಳತೆಯಲ್ಲಿ ಯಾವ ದೋಷವಿಲ್ಲದಿದ್ದರೂ, ಅವರು ಇಡೀ ಲಾಟನ್ನು ಗುಜರಿಗೆ ಹಾಕಿದರು. ಆ ವರ್ಷದ ಲಾಭನಷ್ಟ ತಖ್ತೆಯಲ್ಲಿ ಆ ನಷ್ಟದ ಸಾಲನ್ನು ನಾನೇ ಬರೆದೆ. ಬೇಸರವಾಯಿತು ಎಂಬುದನ್ನು ಮುಚ್ಚಿಡಲಾರೆ. ಆದರೆ ಖರೀದಿದಾರರಿಗೆ ವಿಳಂಬದ ಕಾರಣವನ್ನು ಇದ್ದಂತೆಯೇ ತಿಳಿಸಲಾಗಿತ್ತು. ಬ್ರಾಕೆಟ್ಟುಗಳ ಆರ್ಡರ್ ಇಂದಿಗೂ ಮುಂದುವರಿದಿದೆ.

ಕುದುರೆ ಬಲವಾದಷ್ಟೂ ಕಡಿವಾಣ ಗಟ್ಟಿಯಾಗಿರಬೇಕು ಎಂಬುದು ನಮ್ಮ ಹಿರಿಯರಿಗೆ ತಿಳಿದಿದ್ದ ವಿಷಯವೇ. ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸುವವನು ಮೊದಲು ಬ್ರೇಕನ್ನೂ, ಬಳಿಕ ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್‌ಗಳನ್ನೂ ಸರಿಪಡಿಸಿಕೊಳ್ಳಬೇಕು. ಆ ಭಾಗಗಳನ್ನು ತಯಾರಿಸುವವನು ತನ್ನ ವಹಿವಾಟನ್ನು ಹೆಚ್ಚಿಸುವ ಮೊದಲು ತಪಾಸಣೆಯನ್ನೂ ದಾಖಲೆಯನ್ನೂ ಬಲಪಡಿಸಿಕೊಳ್ಳಬೇಕು. ಇಂತಹ ವಿಚಾರಣಾ ಪತ್ರಗಳು ಕೈಸೇರಿದಾಗ ನಮ್ಮ ಸದಸ್ಯರು ವೆಚ್ಚಪಟ್ಟಿಯ ಪರೀಕ್ಷಾ ಖರ್ಚಿನ ಸಾಲಿಗೆ ಬಂದೊಡನೆ ಒಂದು ಕ್ಷಣ ನಿಂತು, ಆ ಭಾಗವನ್ನು ಜೋಡಿಸಿದ ಕಾರಿನಲ್ಲಿ ಯಾರು ಕುಳಿತಿರುತ್ತಾರೆ ಎಂಬುದನ್ನು ಆಲೋಚಿಸಬೇಕೆಂದು ಕೋರುತ್ತೇನೆ. ಅವರ ಲೆಕ್ಕಪರಿಶೋಧಕರೂ ಹಾಗೆಯೇ ಮಾಡುವುದು ಒಳಿತು.